ಒತ್ತಡ ಪಾತ್ರೆಗಳ ಬೆಸುಗೆ ಪರೀಕ್ಷೆ

ಹಬೆ, ಅನಿಲ ಅಥವಾ ದ್ರವವನ್ನು ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುವ ಮುಚ್ಚಿದ ಪಾತ್ರೆಯೇ ಒತ್ತಡ ಪಾತ್ರೆ. ಅದರ ಉಕ್ಕಿನ ಪ್ಲೇಟುಗಳನ್ನು ಕೂಡಿಸುವ ಬೆಸುಗೆಗಳು ಆ ಒತ್ತಡವನ್ನು ತಡೆದುಕೊಳ್ಳುತ್ತವೆಯೇ ಎಂಬುದನ್ನು ತಯಾರಿಕೆಯ ಒಂದೊಂದು ಹಂತದಲ್ಲೂ ನೋಡಿ, ಅಳೆದು, ಬರೆದಿಡುವ ಕ್ರಮಕ್ಕೆ ಬೆಸುಗೆ ಪರೀಕ್ಷೆ ಎನ್ನುತ್ತಾರೆ. ಪಾತ್ರೆ ಸಿದ್ಧವಾದ ಮೇಲೆ ನೀರು ತುಂಬಿ ನೋಡುವ ಒಂದೇ ಪರೀಕ್ಷೆಯೆಂದು ಇದನ್ನು ಎಣಿಸುವವರು ಹಲವರು. ಆದರೆ ನೀರಿನ ಪರೀಕ್ಷೆ ಬರುವುದು ಕೊನೆಗೆ. ಅದಕ್ಕೂ ಮೊದಲು ವಿಧಾನದ ಪರೀಕ್ಷೆ, ವೆಲ್ಡರಿನ ಪರೀಕ್ಷೆ, ಕಣ್ಣಿನ ಪರೀಕ್ಷೆ, ಬಣ್ಣದ ಪರೀಕ್ಷೆ, ಎಕ್ಸ್-ರೇ ಹೀಗೆ ಹಲವು ಬಾಗಿಲುಗಳನ್ನು ಬೆಸುಗೆ ದಾಟಿ ಬರಬೇಕು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ವಿಷಯ ದಿನನಿತ್ಯದ ಬದುಕಿಗೆ ಅಂಟಿಕೊಂಡೇ ಇದೆ. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಎಣ್ಣೆಯ ನಗರವೆಂದು ಹೆಸರಾದ ಚಳ್ಳಕೆರೆಯ ಮಿಲ್ಲುಗಳಿವೆ. ಎಣ್ಣೆ ತೆಗೆಯುವ ಉದ್ಯಮದಲ್ಲಿ ಬೀಜವನ್ನು ಹದವಾಗಿ ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಮನೆಮನೆಯ ಅಡುಗೆಕೋಣೆಯಲ್ಲಿ ಬೆಸುಗೆ ಹಾಕಿದ ಗ್ಯಾಸ್ ಸಿಲಿಂಡರ್ ನಿಂತಿದೆ. ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಮೊದಲ ಬಾರಿಗೆ ತಾನಾಗಿಯೇ ಓಡುದಾರಿಗೆ ಇಳಿಸಿತು. ಅಂಥ ಬಾಹ್ಯಾಕಾಶ ಯೋಜನೆಗಳ ಹಿಂದಿರುವ ರಾಕೆಟ್ಟುಗಳ ಇಂಧನ ಟ್ಯಾಂಕುಗಳೂ ಒತ್ತಡ ಪಾತ್ರೆಗಳೇ. ಕಬ್ಬಿಣದ ಕೆಲಸ ಈ ನೆಲಕ್ಕೆ ಹೊಸದೂ ಅಲ್ಲ: ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಿಂದ ಕಬ್ಬಿಣದ ಸಲಕರಣೆಗಳು ಹೊರಬಂದವು.

ಬೆಸುಗೆಯ ಮೇಲೆ ಬೀಳುವ ಬಲ

ಒತ್ತಡ ಎಂಬ ಮಾತು ಕೇಳಲು ಸಣ್ಣದು, ಲೆಕ್ಕ ಹಾಕಿದರೆ ದೊಡ್ಡದು. ಒಂದು ಮೀಟರ್ 20 ಸೆಂಟಿಮೀಟರ್ ವ್ಯಾಸದ ಒಂದು ಪಾತ್ರೆಯಲ್ಲಿ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವಿದೆ ಎಂದುಕೊಳ್ಳಿ. ಅದರ ತುದಿಯನ್ನು ಮುಚ್ಚುವ ಬಟ್ಟಲಾಕಾರದ ಭಾಗದ, ಅಂದರೆ ಡಿಶ್ ಎಂಡಿನ, ಮೇಲೆ ಬೀಳುವ ಒಟ್ಟು ಬಲ ಸುಮಾರು 113 ಟನ್. ಡಿಶ್ ಎಂಡನ್ನು ಸಿಲಿಂಡರಿಗೆ ಕೂಡಿಸಿದ ಸುತ್ತು ಬೆಸುಗೆ ಹಗಲು ರಾತ್ರಿ ಅಷ್ಟನ್ನು ಎಳೆದು ಹಿಡಿದಿರುತ್ತದೆ.

ಸಿಲಿಂಡರಿನ ಉದ್ದಕ್ಕೆ ಹಾಕಿದ ಬೆಸುಗೆಯ ಪಾಡು ಇನ್ನೂ ಕಠಿಣ. ಪಾತ್ರೆಯನ್ನು ಸುತ್ತಳತೆಯಲ್ಲಿ ಹಿಗ್ಗಿಸಿ ಸೀಳಲು ನೋಡುವ ಎಳೆತ, ಉದ್ದದ ದಿಕ್ಕಿನ ಎಳೆತದ ಎರಡರಷ್ಟಿರುತ್ತದೆ. ಹಾಗಾಗಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಸಂಹಿತೆ, ಅಂದರೆ ಎಎಸ್‌ಎಂಇ ಕೋಡ್, ಬೆಸುಗೆಗಳನ್ನು ಅವು ಇರುವ ಸ್ಥಳ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದೆ. ಉದ್ದ ಬೆಸುಗೆ ಎ ವರ್ಗಕ್ಕೆ ಸೇರುತ್ತದೆ, ಸಿಲಿಂಡರಿನ ಸುತ್ತು ಬೆಸುಗೆ ಬಿ ವರ್ಗಕ್ಕೆ. ಫ್ಲ್ಯಾಂಜಿನ ಜೋಡಣೆ ಸಿ, ಕೊಳವೆಯ ಬಾಯಿ ಅಥವಾ ನಾಝಲ್ ಕೂಡುವ ಜಾಗ ಡಿ. ಯಾವ ಬೆಸುಗೆಗೆ ಎಷ್ಟು ಪರೀಕ್ಷೆ ಎಂಬುದು ಈ ವರ್ಗ, ಪ್ಲೇಟಿನ ದಪ್ಪ, ಉಕ್ಕಿನ ಜಾತಿ ಮತ್ತು ಒಳಗೆ ತುಂಬುವ ವಸ್ತು ಇವುಗಳ ಮೇಲೆ ನಿಲ್ಲುತ್ತದೆ.

ನಿಯಮಗಳು ಬಂದ ದಾರಿ

ಈ ನಿಯಮಗಳಲ್ಲಿ ಹೆಚ್ಚಿನವು ಸಾವಿನ ಬೆನ್ನಿಗೆ ಬಂದವು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಪ್ರಾಂತ್ಯಕ್ಕೊಂದರಂತೆ ಬೆಳೆದ ಕಾನೂನುಗಳನ್ನು ಒಂದು ಸೂತ್ರಕ್ಕೆ ತಂದದ್ದು 1923ರ ಬಾಯ್ಲರ್ ಅಧಿನಿಯಮ. ಅದರಡಿ ಬಂದ 1950ರ ಭಾರತೀಯ ಬಾಯ್ಲರ್ ನಿಯಮಾವಳಿಯನ್ನು ಕಾರ್ಖಾನೆಗಳಲ್ಲಿ ಐಬಿಆರ್ ಎಂದೇ ಕರೆಯುತ್ತಾರೆ. 2025ರಲ್ಲಿ ಸಂಸತ್ತು ಹಳೆಯ ಅಧಿನಿಯಮದ ಜಾಗಕ್ಕೆ ಹೊಸದನ್ನು ಅಂಗೀಕರಿಸಿತು.

ಅಮೆರಿಕದ ಕಥೆಯೂ ಇದೇ. ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ 1905ರ ಮಾರ್ಚ್ 20ರಂದು ಒಂದು ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟು ರಿವೆಟ್ ಹೊಡೆಯುತ್ತಿದ್ದ ಕಾಲ ಅದು. ಆ ದುರಂತದ ಹಿನ್ನೆಲೆಯಲ್ಲಿ ಮೊದಲು ರಾಜ್ಯದ ನಿಯಮಗಳು, ಬಳಿಕ 1915ರ ಹೊತ್ತಿಗೆ ಎಎಸ್‌ಎಂಇ ಬಾಯ್ಲರ್ ಕೋಡ್ ಬಂದವು. ರಿವೆಟ್ಟಿನ ಜಾಗಕ್ಕೆ ಬೆಸುಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. ರಿವೆಟ್ಟನ್ನು ಕಣ್ಣಿನಿಂದ ನೋಡಬಹುದು, ಸುತ್ತಿಗೆಯಿಂದ ತಟ್ಟಿ ಕೇಳಬಹುದು. ಬೆಸುಗೆಯ ಒಳಗೇನಿದೆ ಎಂದು ನೋಡುವ ಬಗೆ ಸಿಗುವವರೆಗೂ ಎಂಜಿನಿಯರುಗಳು ಅದನ್ನು ನಂಬಲಿಲ್ಲ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್ ಕಿರಣ ಕಾರ್ಖಾನೆಯೊಳಕ್ಕೆ ಬಂದ ಮೇಲೆಯೇ, 1930ರ ದಶಕದಲ್ಲಿ, ಬಾಯ್ಲರ್ ಡ್ರಮ್ಮುಗಳಲ್ಲಿ ಬೆಸುಗೆಗೆ ಪೂರ್ಣ ಮನ್ನಣೆ ಸಿಕ್ಕಿತು.

ಇಂದು ಭಾರತದಲ್ಲಿ ಪಾತ್ರೆಯ ಬಗೆ ನೋಡಿ ಕಾನೂನು ಬೇರೆಯಾಗುತ್ತದೆ. ಹಬೆ ಹುಟ್ಟಿಸುವ ಬಾಯ್ಲರಿಗೆ ಐಬಿಆರ್. 25 ಲೀಟರಿಗಿಂತ ಕಡಿಮೆ ಹಿಡಿಯುವ ಅಥವಾ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ಕಡಿಮೆ ಒತ್ತಡದ ಪಾತ್ರೆ ಕಾನೂನಿನ ಪ್ರಕಾರ ಬಾಯ್ಲರ್ ಅಲ್ಲ. ಅಡುಗೆ ಅನಿಲದ ಟ್ಯಾಂಕರ್ ಮತ್ತು ದೊಡ್ಡ ಸಂಗ್ರಹ ಟ್ಯಾಂಕುಗಳಿಗೆ 2016ರ ಸ್ಥಿರ ಮತ್ತು ಸಂಚಾರಿ ಒತ್ತಡ ಪಾತ್ರೆಗಳ ನಿಯಮಗಳು ಅನ್ವಯಿಸುತ್ತವೆ. ಅವನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಬೆಂಕಿ ತಾಗದ ಪಾತ್ರೆಗಳ ವಿನ್ಯಾಸಕ್ಕೆ ಭಾರತೀಯ ಮಾನಕ 2825 ಎಂಬ 1969ರ ಸಂಹಿತೆಯೂ ಇದೆ. ಕರ್ನಾಟಕದಲ್ಲಿ ಬಾಯ್ಲರ್ ತಪಾಸಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಹೊಣೆ.

ಕಿಡಿ ಹಾರುವ ಮುನ್ನ

ಮೊದಲು ಪರೀಕ್ಷೆಗೆ ನಿಲ್ಲುವುದು ವಿಧಾನ. ಯಾವ ಉಕ್ಕು, ಯಾವ ರಾಡು, ಎಷ್ಟು ಆಂಪಿಯರ್, ಅಂಚನ್ನು ಎಷ್ಟು ಓರೆ ಮಾಡಬೇಕು, ಮೊದಲೇ ಎಷ್ಟು ಬಿಸಿ ಮಾಡಬೇಕು ಎಂಬುದನ್ನೆಲ್ಲ ಬರೆದ ವಿಧಾನಪತ್ರಕ್ಕೆ ಡಬ್ಲ್ಯೂಪಿಎಸ್ ಎಂದು ಹೆಸರು. ಅದು ಕಾಗದದ ಮಾತಾಗಿ ಉಳಿಯುವಂತಿಲ್ಲ. ಅದರ ಪ್ರಕಾರವೇ ಒಂದು ಮಾದರಿ ಪ್ಲೇಟನ್ನು ಬೆಸೆದು, ತುಂಡು ಕತ್ತರಿಸಿ, ಎರಡನ್ನು ಯಂತ್ರದಲ್ಲಿ ಹರಿಯುವ ತನಕ ಎಳೆಯುತ್ತಾರೆ, ನಾಲ್ಕನ್ನು 180 ಡಿಗ್ರಿ ಬಗ್ಗಿಸುತ್ತಾರೆ. ಬಗ್ಗಿದ ಹೊರಮೈಯಲ್ಲಿ ಮೂರು ಮಿಲಿಮೀಟರಿಗಿಂತ ದೊಡ್ಡ ಬಿರುಕು ಬಾಯಿ ತೆರೆದರೆ ವಿಧಾನ ಬಿದ್ದುಹೋಯಿತು. ತಣ್ಣನೆಯ ಸ್ಥಿತಿಯಲ್ಲಿ ಕೆಲಸ ಮಾಡುವ ಪಾತ್ರೆಯಾದರೆ ಶಾರ್ಪಿ ಪರೀಕ್ಷೆಯೂ ಸೇರುತ್ತದೆ. 10 ಮಿಲಿಮೀಟರ್ ಚದರದ, 55 ಮಿಲಿಮೀಟರ್ ಉದ್ದದ ಕಚ್ಚು ಹಾಕಿದ ತುಂಡನ್ನು ತೂಗುವ ಸುತ್ತಿಗೆಯಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಬೇಕಾಯಿತೆಂದು ಅಳೆಯುತ್ತಾರೆ.

ಆಮೇಲೆ ವೆಲ್ಡರಿನ ಸರದಿ. ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿ ಬಂದ ಹುಡುಗ ನೇರವಾಗಿ ಬಾಯ್ಲರ್ ಮುಟ್ಟುವಂತಿಲ್ಲ. ಐಬಿಆರ್ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯಬೇಕು. ಕೊಳವೆಯನ್ನು 45 ಡಿಗ್ರಿ ಓರೆಯಾಗಿ, ಅಲುಗದಂತೆ ಬಿಗಿದು ಸುತ್ತಲೂ ಬೆಸೆಯುವ 6ಜಿ ಪರೀಕ್ಷೆಗೆ ಈ ಕಸುಬಿನಲ್ಲಿ ಬಹಳ ಮರ್ಯಾದೆ. ಕೆಳಗಿನಿಂದ, ಪಕ್ಕದಿಂದ, ತಲೆಯ ಮೇಲಿನಿಂದ, ಎಲ್ಲ ಕೋನದಲ್ಲೂ ಕೈ ಹದ ತಪ್ಪಬಾರದು. ಎಎಸ್‌ಎಂಇ ಕೋಡಿನ ಪ್ರಕಾರ ವೆಲ್ಡರ್ ಆರು ತಿಂಗಳು ಆ ಬಗೆಯ ಬೆಸುಗೆ ಮಾಡದೇ ಉಳಿದರೆ ಅರ್ಹತೆ ಕಳೆದುಕೊಳ್ಳುತ್ತಾನೆ. ಕೈ ಬಿಟ್ಟ ವಿದ್ಯೆಯನ್ನು ಕೋಡ್ ನಂಬುವುದಿಲ್ಲ.

ರಾಡಿನ ವಿಷಯದಲ್ಲೂ ಉದಾಸೀನ ಸಲ್ಲದು. ಒತ್ತಡ ಪಾತ್ರೆಗೆ ಬಳಸುವ ಇ7018 ಎಂಬ ರಾಡಿನ ಲೇಪ ಗಾಳಿಯ ತೇವ ಹೀರುತ್ತದೆ. ಆ ತೇವದಿಂದ ಬಿಡುಗಡೆಯಾದ ಹೈಡ್ರೊಜನ್ ಬೆಸುಗೆಯ ಪಕ್ಕದ ಗಡುಸಾದ ಉಕ್ಕಿನಲ್ಲಿ ಸೇರಿಕೊಂಡು, ಒಂದೆರಡು ದಿನ ಕಳೆದ ಮೇಲೆ ಬಿರುಕು ಬಿಡಿಸುತ್ತದೆ. ಹೀಗಾಗಿ ರಾಡುಗಳನ್ನು ಒಲೆಯಲ್ಲಿ ಒಣಗಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನೇ ಕೈಗೆ ಕೊಡುತ್ತಾರೆ. ಗಡುಸು ಉಕ್ಕಿನ ಬೆಸುಗೆಯನ್ನು ಮುಗಿದ ಕೂಡಲೇ ಪರೀಕ್ಷಿಸದೆ 48 ಗಂಟೆ ಕಾಯುವ ರೂಢಿಗೂ ಕಾರಣ ಇದೇ.

ಮೈ ನೋಡುವ ಪರೀಕ್ಷೆಗಳು

ಅಗ್ಗದ, ಆದರೆ ಅತಿ ಹೆಚ್ಚು ದೋಷ ಹಿಡಿಯುವ ಸಾಧನ ತರಬೇತಾದ ಕಣ್ಣು. ಅಂಚಿನಲ್ಲಿ ಉಕ್ಕು ಕೊರೆದುಹೋಗಿದೆಯೇ, ಸಣ್ಣ ರಂಧ್ರಗಳಿವೆಯೇ, ಎರಡು ಪ್ಲೇಟುಗಳು ಮೇಲೆಕೆಳಗಾಗಿವೆಯೇ ಎಂದು ಟಾರ್ಚು ಮತ್ತು ಗೇಜು ಹಿಡಿದು ನೋಡುತ್ತಾರೆ. ಮೊದಲ ಸಾಲು, ಅಂದರೆ ರೂಟ್ ಪಾಸ್, ಹಾಕಿದಾಗಲೇ ನೋಡುವುದು ಮುಖ್ಯ. ಮೇಲೆ ಐದಾರು ಸಾಲು ಬಿದ್ದ ಮೇಲೆ ಅದು ಮತ್ತೆ ಕಣ್ಣಿಗೆ ಸಿಗುವುದಿಲ್ಲ.

ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿಗೆ ಬಣ್ಣದ ಪರೀಕ್ಷೆ ಇದೆ. ಕಾರ್ಖಾನೆಯಲ್ಲಿ ಇದು ಡಿಪಿ ಟೆಸ್ಟ್. ಒರೆಸಿ ಶುಚಿ ಮಾಡಿದ ಬೆಸುಗೆಯ ಮೇಲೆ ಕೆಂಪು ದ್ರವ ಸಿಂಪಡಿಸಿ ಸುಮಾರು ಹತ್ತು ನಿಮಿಷ ಬಿಡುತ್ತಾರೆ; ಬಿರುಕಿದ್ದರೆ ಬಣ್ಣ ಒಳಗಿಳಿಯುತ್ತದೆ. ಮೇಲಿನ ಬಣ್ಣ ಒರೆಸಿ ಬಿಳಿ ಪುಡಿಯ ಲೇಪ ಕೊಟ್ಟಾಗ ಬಿರುಕಿನೊಳಗಿನ ಕೆಂಪು ಹೊರಗೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಕಾಂತಕ್ಕೆ ಅಂಟುವ ಉಕ್ಕಾದರೆ ಕಾಂತಕಣ ಪರೀಕ್ಷೆ ಇನ್ನೂ ಚುರುಕು: ಬಿರುಕಿನ ಬಾಯಲ್ಲಿ ಕಾಂತರೇಖೆಗಳು ಹೊರಸೋರಿ, ಕಬ್ಬಿಣದ ನುಣ್ಣನೆಯ ಪುಡಿ ಅಲ್ಲಿ ಸಾಲುಗಟ್ಟುತ್ತದೆ. ಹಾಲಿನ ಡೇರಿ, ಔಷಧ ಕಾರ್ಖಾನೆಗಳ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಿಗೆ ಕಾಂತಕಣ ನಡೆಯುವುದಿಲ್ಲ, ಬಣ್ಣದ ಪರೀಕ್ಷೆಯೇ ಗತಿ. ಎರಡಕ್ಕೂ ಒಂದು ಮಿತಿ ಇದೆ. ಬೆಸುಗೆಯ ಆಳದಲ್ಲಿ ಹುದುಗಿದ ದೋಷ ಇವಕ್ಕೆ ಸಿಗದು.

ಒಳ ನೋಡುವ ಪರೀಕ್ಷೆಗಳು

ಆಳ ನೋಡಲು ವಿಕಿರಣ ಚಿತ್ರಣ ಮತ್ತು ಶಬ್ದಾತೀತ ತರಂಗ ಎಂಬ ಎರಡು ಮಾರ್ಗಗಳಿವೆ. ಮೊದಲನೆಯದಕ್ಕೆ ಎಕ್ಸ್-ರೇ ಯಂತ್ರ ಅಥವಾ ವಿಕಿರಣ ಸೂಸುವ ಲೋಹದ ತುಣುಕು ಬೇಕು. ಹೆಚ್ಚು ಬಳಕೆಯಲ್ಲಿರುವುದು ಇರಿಡಿಯಂ-192. ಅದರ ಅರ್ಧಾಯುಷ್ಯ 74 ದಿನ. ದಿನ ಕಳೆದಂತೆ ಫಿಲ್ಮಿಗೆ ಹೆಚ್ಚು ಹೊತ್ತು ಕಿರಣ ಕೊಡಬೇಕಾಗುತ್ತದೆ. ತುಂಬ ದಪ್ಪ ಉಕ್ಕಿಗೆ ಕೋಬಾಲ್ಟ್-60 ಬೇಕು. ಬೆಸುಗೆಯ ಒಂದು ಬದಿಗೆ ತುಣುಕು, ಇನ್ನೊಂದು ಬದಿಗೆ ಫಿಲ್ಮ್. ರಂಧ್ರ, ಒಳಗೆ ಸಿಕ್ಕಿಕೊಂಡ ಕಿಟ್ಟ ಅಂದರೆ ಸ್ಲ್ಯಾಗ್, ಕೂಡದೇ ಉಳಿದ ಬೇರು ಇದ್ದಲ್ಲಿ ಕಿರಣ ಹೆಚ್ಚು ದಾಟಿ ಕಪ್ಪು ಕಲೆ ಮೂಡುತ್ತದೆ. ಚಿತ್ರ ನಂಬಲು ಯೋಗ್ಯವೇ ಎಂದು ತಿಳಿಯಲು ಬೆಸುಗೆಯ ಮೇಲೆ ಅಡ್ಡಲಾಗಿ ತೆಳು ತಂತಿಗಳ ಗುರುತುಪಟ್ಟಿ ಇಡುತ್ತಾರೆ. ಬೇಕಾದ ತಂತಿ ಫಿಲ್ಮಿನಲ್ಲಿ ಕಾಣದಿದ್ದರೆ ಬೆಸುಗೆ ಚೆನ್ನಾಗಿದ್ದರೂ ಆ ಫಿಲ್ಮ್ ತಿರಸ್ಕೃತ.

ಈ ಕಿರಣ ಮನುಷ್ಯನಿಗೂ ಅಪಾಯ. ಆದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ತರಬೇತಾದ ಸಿಬ್ಬಂದಿ, ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜು, ಸುತ್ತ ಹಗ್ಗದ ಬೇಲಿ ಎಲ್ಲವೂ ಕಡ್ಡಾಯ. ಬೇರೆ ಕೆಲಸಗಾರರು ಮನೆಗೆ ಹೋದ ಮೇಲೆ ರಾತ್ರಿ ಈ ಕೆಲಸ ನಡೆಸುವ ರೂಢಿ ಇರುವುದು ಇದಕ್ಕಾಗಿ.

ಶಬ್ದಾತೀತ ಪರೀಕ್ಷೆಗೆ ವಿಕಿರಣದ ಭಯವಿಲ್ಲ. ಸೆಕೆಂಡಿಗೆ ಇಪ್ಪತ್ತರಿಂದ ಐವತ್ತು ಲಕ್ಷ ಸಲ ಕಂಪಿಸುವ ಶಬ್ದವನ್ನು ಉಕ್ಕಿನೊಳಕ್ಕೆ ಕಳಿಸಿ, ದೋಷಕ್ಕೆ ತಾಗಿ ಮರಳುವ ಪ್ರತಿಧ್ವನಿಯನ್ನು ಪರದೆಯ ಮೇಲೆ ಓದುತ್ತಾರೆ. ಗುಂಡನೆಯ ರಂಧ್ರ, ಸ್ಲ್ಯಾಗಿಗೆ ಎಕ್ಸ್-ರೇ ಒಳ್ಳೆಯದು. ಪ್ಲೇಟಿನ ಅಂಚಿಗೆ ಬೆಸುಗೆ ಕೂಡದೇ ಉಳಿದ ಚಪ್ಪಟೆ ಬಿರುಕನ್ನು ಹಿಡಿಯಲು ಶಬ್ದ ವಾಸಿ. ಎರಡರಲ್ಲೂ ಬಿರುಕಿಗೆ ಮತ್ತು ಕೂಡದ ಅಂಚಿಗೆ ಕ್ಷಮೆಯಿಲ್ಲ, ಎಷ್ಟೇ ಸಣ್ಣದಿರಲಿ. ಸ್ಲ್ಯಾಗ್ ಗೆರೆಗೆ ಮಾತ್ರ ಎಎಸ್‌ಎಂಇ ಅಳತೆ ಕೊಟ್ಟಿದೆ: 19 ಮಿಲಿಮೀಟರಿಗಿಂತ ತೆಳುವಾದ ಪ್ಲೇಟಿನಲ್ಲಿ 6 ಮಿಲಿಮೀಟರ್ ಮೀರಿದರೆ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು.

ಪರೀಕ್ಷೆಯೂ ಪ್ಲೇಟಿನ ದಪ್ಪವೂ

ಎಷ್ಟು ಪರೀಕ್ಷಿಸುತ್ತೇವೆ ಎಂಬುದು ಪಾತ್ರೆಯ ದಪ್ಪವನ್ನೇ ನಿರ್ಧರಿಸುತ್ತದೆ. ಇದಕ್ಕೆ ಆಧಾರ ಬೆಸುಗೆಯ ದಕ್ಷತೆ ಎಂಬ ಅಂಕಿ. ಎರಡೂ ಬದಿಯಿಂದ ಬೆಸೆದ ಕೂಡುವಿಕೆಗೆ ಪೂರ್ಣ ಎಕ್ಸ್-ರೇ ಆದರೆ ದಕ್ಷತೆ 1, ಅಲ್ಲಲ್ಲಿ ಆದರೆ 0.85, ಏನೂ ಆಗದಿದ್ದರೆ 0.70. ಅಲ್ಲಲ್ಲಿ ಎಂದರೆ ಸುಮಾರು 15 ಮೀಟರ್ ಬೆಸುಗೆಗೆ ಒಂದು ಕಡೆ, ಕನಿಷ್ಠ 150 ಮಿಲಿಮೀಟರ್ ಉದ್ದದ ಚಿತ್ರ. ಯಾವ ಜಾಗ ಎಂಬುದನ್ನು ಆರಿಸುವವನು ತಪಾಸಣಾಧಿಕಾರಿಯೇ ಹೊರತು ತಯಾರಕನಲ್ಲ.

ಮೇಲೆ ಹೇಳಿದ ಒಂದು ಮೀಟರ್ 20 ಸೆಂಟಿಮೀಟರ್ ವ್ಯಾಸದ ಪಾತ್ರೆಗೇ ಇದನ್ನು ಹಚ್ಚಿ ನೋಡಬಹುದು. 138 ಮೆಗಾಪಾಸ್ಕಲ್ ಎಳೆತಕ್ಕೆ ಅನುಮತಿಯಿರುವ ಉಕ್ಕು, ಒಂದು ಮೆಗಾಪಾಸ್ಕಲ್ (ಚದರ ಸೆಂಟಿಮೀಟರಿಗೆ ಸುಮಾರು ಅದೇ 10 ಕಿಲೋಗ್ರಾಂ) ಒತ್ತಡ. ಪೂರ್ಣ ಎಕ್ಸ್-ರೇ ಮಾಡಿದರೆ 4.4 ಮಿಲಿಮೀಟರ್ ಪ್ಲೇಟು ಸಾಕು. ಅಲ್ಲಲ್ಲಿ ಮಾಡಿದರೆ 5.1, ಮಾಡದೇ ಬಿಟ್ಟರೆ 6.3 ಮಿಲಿಮೀಟರ್ ಬೇಕು. ತುಕ್ಕಿಗೆಂದು ಬಿಡುವ ದಪ್ಪ ಇದರ ಮೇಲೆ. ಸಣ್ಣ ಪಾತ್ರೆಗೆ ದಪ್ಪ ಪ್ಲೇಟು ಹಾಕಿ ಪರೀಕ್ಷೆಯ ಖರ್ಚು ಉಳಿಸುವುದು ಕಾನೂನಿಗೆ ಒಪ್ಪಿತವೇ. ಆದರೆ ಮಾರಕ ಅನಿಲ ತುಂಬುವ ಪಾತ್ರೆಗೆ, ಇಂಗಾಲ ಉಕ್ಕಿನ ದಪ್ಪ 32 ಮಿಲಿಮೀಟರ್ ದಾಟಿದ ಪಾತ್ರೆಗೆ ಈ ಆಯ್ಕೆ ಇಲ್ಲ. ಪೂರ್ಣ ಚಿತ್ರಣ ಆಗಲೇಬೇಕು. ಭಾರತೀಯ ಮಾನಕ 2825 ಕೂಡ ಪಾತ್ರೆಗಳನ್ನು ಮೂರು ದರ್ಜೆ ಮಾಡಿ ಇದೇ ತರ್ಕವನ್ನು ಅನುಸರಿಸುತ್ತದೆ.

ದಪ್ಪ ಪ್ಲೇಟು ಹಾಕಿ ಪಾರಾಗುವ ದಾರಿ ರಾಕೆಟ್ಟಿಗೆ ಇಲ್ಲ. ಒಂದು ಕಿಲೋಗ್ರಾಂ ಹೆಚ್ಚಾದರೂ ಉಪಗ್ರಹದ ಭಾರ ಇಳಿಯಬೇಕು. ಬೆಂಗಳೂರಿನ ಎಚ್‌ಎಎಲ್ ವೈಮಾಂತರಿಕ್ಷ ವಿಭಾಗ ಇಸ್ರೋಗಾಗಿ ಬೆಸೆಯುವ ಅಲ್ಯೂಮಿನಿಯಂ ಮಿಶ್ರಲೋಹದ ಇಂಧನ ಟ್ಯಾಂಕುಗಳಂಥವು ತೆಳು ಗೋಡೆಯವು. ಇಂಥ ಟ್ಯಾಂಕುಗಳ ಸುರಕ್ಷತೆ ನಿಲ್ಲುವುದು ಬೆಸುಗೆಯ ಇಂಚಿಂಚಿನ ಪರೀಕ್ಷೆಯ ಮೇಲೆ.

ಬಿಸಿಯ ಉಪಚಾರ

ಬೆಸುಗೆ ಆರುವಾಗ ಕುಗ್ಗುತ್ತದೆ, ಪಕ್ಕದ ಪ್ಲೇಟು ಕುಗ್ಗಲು ಬಿಡುವುದಿಲ್ಲ. ಈ ಜಗ್ಗಾಟ ಉಕ್ಕಿನೊಳಗೆ ಉಳಿದೇ ಹೋಗುತ್ತದೆ. ದಪ್ಪ ಪಾತ್ರೆಯನ್ನು ಕುಲುಮೆಯೊಳಗೆ ನಿಧಾನ ಕಾಯಿಸಿ, ಇಂಗಾಲ ಉಕ್ಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಇಟ್ಟು, ನಿಧಾನ ಆರಿಸಿದರೆ ಆ ಬಿಗಿತ ಸಡಿಲುತ್ತದೆ, ಗಡುಸು ಭಾಗ ಮೆದುವಾಗುತ್ತದೆ.

ಇದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ರೋಮಿಯೊವಿಲ್ ದುರಂತ ಸಾಕ್ಷಿ. ಅಲ್ಲಿನ ತೈಲ ಶುದ್ಧೀಕರಣ ಘಟಕದ ಎತ್ತರದ ಪಾತ್ರೆಯೊಂದರಲ್ಲಿ 1974ರಲ್ಲಿ ಸವೆದ ಒಂದು ಸುತ್ತು ಪ್ಲೇಟನ್ನು ಸ್ಥಳದಲ್ಲೇ ಬದಲಿಸಿ ಬೆಸೆದರು, ಬಿಸಿಯ ಉಪಚಾರ ಮಾಡಲಿಲ್ಲ. ಬೆಸುಗೆಯ ಪಕ್ಕ ಗಡುಸಾಗಿ ಉಳಿದ ಉಕ್ಕಿನಲ್ಲಿ ಹೈಡ್ರೊಜನ್ ಬಿರುಕು ವರ್ಷವರ್ಷಕ್ಕೂ ಬೆಳೆಯಿತು. 1984ರ ಜುಲೈ 23ರಂದು ಪಾತ್ರೆ ಸುತ್ತಲೂ ಹರಿದು, ಮೇಲಿನ ಭಾಗ ಸುಮಾರು ಒಂದು ಕಿಲೋಮೀಟರ್ ದೂರ ಹಾರಿತು. 17 ಮಂದಿ ಸತ್ತರು.

ನೀರಿನ ಒತ್ತಡ

ಎಲ್ಲ ಮುಗಿದ ಮೇಲೆ ಹೈಡ್ರೋ ಟೆಸ್ಟ್. ಪಾತ್ರೆಗೆ ನೀರು ತುಂಬಿ, ಗಾಳಿಯನ್ನು ಪೂರ್ತಿ ಹೊರಬಿಟ್ಟು, ಪಂಪಿನಿಂದ ಒತ್ತಡ ಏರಿಸುತ್ತಾರೆ. ಐಬಿಆರ್ ಪ್ರಕಾರ ಹೊಸ ಬಾಯ್ಲರಿಗೆ ಕೆಲಸದ ಒತ್ತಡದ ಒಂದೂವರೆ ಪಟ್ಟು. ಎಎಸ್‌ಎಂಇ ಎಂಟನೇ ವಿಭಾಗದ ಪಾತ್ರೆಗಳಿಗೆ 1.3 ಪಟ್ಟು. ಮೇಲಿನ ಒತ್ತಡಕ್ಕೆ ಏರಿಸಿ, ಇಳಿಸಿ, ಆಮೇಲಷ್ಟೇ ಹತ್ತಿರ ಹೋಗಿ ಪ್ರತಿ ಬೆಸುಗೆಯನ್ನೂ ನೋಡುವುದು ಎಎಸ್‌ಎಂಇ ಕ್ರಮ.

ಗಾಳಿ ಬಿಟ್ಟು ನೀರನ್ನೇ ಆರಿಸಲು ಕಾರಣವಿದೆ. ನೀರು ಒತ್ತಿದರೂ ಹೆಚ್ಚು ಕುಗ್ಗುವುದಿಲ್ಲ. ಬೆಸುಗೆ ಬಿಟ್ಟರೆ ಸ್ವಲ್ಪ ನೀರು ಚಿಮ್ಮಿ ಒತ್ತಡ ಥಟ್ಟನೆ ಇಳಿಯುತ್ತದೆ. ಗಾಳಿ ಮಾತ್ರ ಬಿಗಿದ ಬಿಲ್ಲಿನಂತೆ ಶಕ್ತಿ ಕೂಡಿಟ್ಟುಕೊಂಡು, ಬಿಟ್ಟಾಗ ಉಕ್ಕನ್ನು ಚೂರು ಮಾಡಿ ಎಸೆಯುತ್ತದೆ. ಹಾಗೆಂದು ನೀರಿನ ಪರೀಕ್ಷೆ ನಿರಪಾಯವಲ್ಲ. 1965ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ 149 ಮಿಲಿಮೀಟರ್ ದಪ್ಪದ ಅಮೋನಿಯ ಪಾತ್ರೆಯೊಂದು ನೀರಿನ ಪರೀಕ್ಷೆಯ ನಡುವೆಯೇ ಗಾಜಿನಂತೆ ಒಡೆದು, ಎರಡು ಟನ್ನಿನ ಚೂರು ಸುಮಾರು 46 ಮೀಟರ್ ಹಾರಿತು. ಬೆಸುಗೆಯ ಪಕ್ಕದ ಸಣ್ಣ ಬಿರುಕು ಮತ್ತು ಸಾಲದ ಬಿಸಿ ಉಪಚಾರ ಅದಕ್ಕೆ ಕಾರಣವಾಗಿದ್ದವು. ತಣ್ಣನೆಯ ನೀರಿನಲ್ಲಿ ದಪ್ಪ ಉಕ್ಕು ಪೆಡಸಾಗುವುದರಿಂದ ಪರೀಕ್ಷೆಯ ನೀರಿನ ಉಷ್ಣತೆಗೂ ಕನಿಷ್ಠ ಮಿತಿ ಇಟ್ಟುಕೊಳ್ಳುತ್ತಾರೆ. ಸ್ಟೇನ್‌ಲೆಸ್ ಪಾತ್ರೆಗೆ ಉಪ್ಪಿನಂಶದ ಕೊಳವೆಬಾವಿ ನೀರು ತುಂಬಿ ಹಾಗೇ ಬಿಟ್ಟರೆ ಬೆಸುಗೆಯಲ್ಲಿ ಬಿರುಕು ಹುಟ್ಟಬಹುದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಂಥ ಕಡೆ ಇದನ್ನು ಮರೆಯುವಂತಿಲ್ಲ.

ಅಡುಗೆಮನೆಯ ಸಿಲಿಂಡರ್

14.2 ಕಿಲೋಗ್ರಾಂ ಅನಿಲ ಹಿಡಿಯುವ ಸಿಲಿಂಡರ್ ಜನಸಾಮಾನ್ಯರು ಕೈಯಿಂದ ಮುಟ್ಟುವ ಒತ್ತಡ ಪಾತ್ರೆ. ಎರಡು ಬಟ್ಟಲುಗಳನ್ನು ಉಕ್ಕಿನ ತಗಡಿನಿಂದ ಒತ್ತಿ ತೆಗೆದು, ನಡುವಿನಲ್ಲಿ ಒಂದೇ ಸುತ್ತು ಬೆಸುಗೆ ಹಾಕಿ, ಬಿಸಿಯ ಉಪಚಾರ ಕೊಡುತ್ತಾರೆ. ಭಾರತೀಯ ಮಾನಕ 3196ರ ಪ್ರಕಾರ ಪ್ರತಿ ಸಿಲಿಂಡರಿಗೂ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಮತ್ತೆ ಗಾಳಿ ತುಂಬಿ ಸೋರಿಕೆ ನೋಡಬೇಕು. ಪ್ರತಿ ತಂಡದಿಂದ ಮಾದರಿ ತೆಗೆದು ಸಿಡಿಯುವ ತನಕ ಒತ್ತಡ ಏರಿಸಿ ನೋಡುತ್ತಾರೆ.

ಬಳಕೆಗೆ ಬಂದ ಸಿಲಿಂಡರಿಗೆ ಮೊದಲು ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಮರುಪರೀಕ್ಷೆ. ಹಿಡಿಯ ಪಟ್ಟಿಯ ಒಳಬದಿಯಲ್ಲಿ ಅಕ್ಷರ ಮತ್ತು ಇಸವಿಯ ರೂಪದಲ್ಲಿ ಗಡುವು ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಗಡುವು ಮೀರಿದ ಸಿಲಿಂಡರ್ ಮನೆಗೆ ಬಂದರೆ ಹಿಂದಿರುಗಿಸುವ ಹಕ್ಕು ಗ್ರಾಹಕರದು.

ದುರಸ್ತಿ ಮತ್ತು ದಾಖಲೆ

ಬಯಲುಸೀಮೆಯ ಬಾಯ್ಲರಿಗೆ ಗಡಸು ನೀರಿನ ಕಾಟ ಹೆಚ್ಚು. ಕೊಳವೆಯ ಮೈಗೆ ಸುಣ್ಣದಂಥ ಪದರ ಕಟ್ಟಿದರೆ ಶಾಖ ನೀರಿಗೆ ದಾಟದೆ ಉಕ್ಕು ಅತಿಯಾಗಿ ಕಾಯುತ್ತದೆ, ಕೊಳವೆ ಉಬ್ಬುತ್ತದೆ, ತುದಿಯ ಬೆಸುಗೆ ಸೋರುತ್ತದೆ. ಊರಿನ ಗ್ಯಾರೇಜಿನ ವೆಲ್ಡರನ್ನು ಕರೆದು ಮೇಲೊಂದು ಸಾಲು ಎಳೆಸುವ ಆಸೆ ಆಗ ಹುಟ್ಟುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿಲ್ಲ. ಒತ್ತಡ ತಡೆಯುವ ಭಾಗದ ದುರಸ್ತಿಗೆ ಇಲಾಖೆಯ ಒಪ್ಪಿಗೆ, ಮಾನ್ಯತೆ ಪಡೆದ ದುರಸ್ತಿದಾರ, ಪ್ರಮಾಣಪತ್ರವಿರುವ ವೆಲ್ಡರ್, ದುರಸ್ತಿಯ ಬಳಿಕ ಮತ್ತೆ ಪರೀಕ್ಷೆ ಬೇಕು. ಈ ಕಾಗದಗಳು ಬಾಯ್ಲರ್ ಪಕ್ಕ ಪಾಳಿಯಲ್ಲಿ ನಿಲ್ಲುವ ಕೆಲಸಗಾರನ ಜೀವಕ್ಕೇ ಸಂಬಂಧಿಸಿದವು.

ಹಳೆಯ ಬಾಯ್ಲರ್ ಕೊಳ್ಳುವ ಮಿಲ್ಲಿನವರು ಬಣ್ಣ ನೋಡುವ ಮೊದಲು ನೋಡಬೇಕಾದ ಸಂಗತಿಗಳು ಕೆಲವಿವೆ. ಉಕ್ಕಿನ ಮೈಮೇಲೆ ಕೊರೆದ ನೋಂದಣಿ ಸಂಖ್ಯೆ ದಾಖಲೆಯೊಂದಿಗೆ ತಾಳೆಯಾಗಬೇಕು. ತಯಾರಿಕೆಯ ಕಾಲದ ಪ್ರಮಾಣಪತ್ರ, ಪ್ಲೇಟಿನ ಗಿರಣಿ ಪ್ರಮಾಣಪತ್ರ, ಯಾವ ಬೆಸುಗೆಯನ್ನು ಯಾವ ವೆಲ್ಡರ್ ಹಾಕಿದ ಎಂಬ ನಕ್ಷೆ, ವಿಕಿರಣ ಚಿತ್ರಣದ ವರದಿ, ಬಿಸಿ ಉಪಚಾರದ ಉಷ್ಣತೆಯ ಗ್ರಾಫ್, ನೀರಿನ ಪರೀಕ್ಷೆಯ ವರದಿ ಕೈಗೆ ಸಿಗಬೇಕು. ದಾಖಲೆಯಲ್ಲಿಲ್ಲದ ಬೆಸುಗೆಯ ಗೆರೆ ಮೈಮೇಲೆ ಕಂಡರೆ, ಆ ಜಾಗದಲ್ಲಿ ದಪ್ಪ ಅಳೆಸಿ, ಕಾಂತಕಣ ಮತ್ತು ಶಬ್ದಾತೀತ ಪರೀಕ್ಷೆ ಮಾಡಿಸಿ, ಬಾಯ್ಲರ್ ತಪಾಸಣಾಧಿಕಾರಿಯ ಒಪ್ಪಿಗೆ ಬರುವವರೆಗೆ ಬೆಂಕಿ ಹಾಕಬಾರದು.